ಬ್ರಹ್ಮಕಮಲದ ಬೇಸಾಯ: ಬಯಲುಸೀಮೆಯ ಅಡಿಕೆ ಬೆಳೆಗಾರರ ಹಿತ್ತಲಿಗೆ ಕೆಲವು ಸೂಚನೆಗಳು

ದರ, ಗೊಬ್ಬರ, ರೋಗ, ಔಷಧಿಗಳ ವಿಷಯಕ್ಕೇ ಸ್ಥಳ ಸಾಲದ ಈ ಪತ್ರಿಕೆಯಲ್ಲಿ ಹೂವಿನ ಗಿಡವೊಂದರ ಬಗೆಗೆ ಇಷ್ಟು ಪುಟ ಕೊಡುವುದು ಸರಿಯೇ ಎಂದು ಕೆಲವು ಸದಸ್ಯರು ಕೇಳಬಹುದು. ಆದರೆ ಅಡಿಕೆ ಬೆಳೆಗಾರರಲ್ಲಿ ಬ್ರಹ್ಮಕಮಲದ ಒಂದು ಕುಂಡವಾದರೂ ಇಲ್ಲದ ಮನೆ ಅಪರೂಪ. ಮಲೆನಾಡಿನ ತವರಿನಿಂದ ಮಗಳೊಡನೆ ಬಯಲುಸೀಮೆಗೆ ಇಳಿದು ಬಂದ ಗಿಡಗಳಲ್ಲಿ ಇದೂ ಒಂದು. ಹರಿಹರ ತಾಲ್ಲೂಕಿನ ಕಡರನಾಯಕನಹಳ್ಳಿಯ ಕಡೆಯ ಮನೆಗಳಲ್ಲಿ ಕೇಳಿಬರುವ ದೂರು ಬಹುಮಟ್ಟಿಗೆ ಒಂದೇ: “ತೀರ್ಥಹಳ್ಳಿಯಲ್ಲಿ ಅಕ್ಕನ ಮನೆಯ ಗಿಡ ಒಂದೇ ರಾತ್ರಿಗೆ ಹತ್ತು ಹದಿನೈದು ಹೂ ಬಿಡುತ್ತದೆ. ಅದೇ ಗಿಡದ ತುಂಡು ನಮ್ಮಲ್ಲಿ ನಾಲ್ಕು ವರ್ಷವಾದರೂ ಒಂದು ಮೊಗ್ಗು ತೋರಿಸಿಲ್ಲ.” ಈ ದೂರಿಗೆ ಉತ್ತರವಿದೆ. ಅಲ್ಲದೆ ಈ ಗಿಡದ ಕುಂಡದ ಮಣ್ಣಿನೊಡನೆ ನಮ್ಮ ಅಡಿಕೆ-ಮೆಣಸಿನ ತೋಟಗಳಿಗೆ ಬರಬಾರದ ಕೆಲವು ಅತಿಥಿಗಳು ಬರುವ ಸಂಭವವೂ ಇದೆ. ಈ ಎರಡನೆಯ ಸಂಗತಿಯಿಂದಾಗಿ ವಿಷಯ ಹಿತ್ತಲಿನಿಂದ ತೋಟಕ್ಕೆ ದಾಟುತ್ತದೆ. ಆದ್ದರಿಂದ ಗಂಡಸರೂ ಇದನ್ನು ಕೊನೆಯವರೆಗೆ ಓದಬೇಕೆಂದು ವಿನಂತಿ.

ಹೆಸರಿನ ಗೊಂದಲ

ಮೊದಲಿಗೆ ಹೆಸರಿನ ವಿಚಾರ. ನಾವು ಬ್ರಹ್ಮಕಮಲವೆಂದು ಕರೆಯುವ ಈ ಗಿಡ ಕಮಲದ ಜಾತಿಯದಲ್ಲ; ಕಳ್ಳಿಯ ಜಾತಿಯದು. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಎಪಿಫಿಲಮ್ ಆಕ್ಸಿಪೆಟಾಲಮ್. ಇದರ ಮೂಲಸ್ಥಾನ ಮೆಕ್ಸಿಕೋದ ದಕ್ಷಿಣಭಾಗ ಮತ್ತು ಮಧ್ಯ ಅಮೆರಿಕದ ತೇವದ ಕಾಡುಗಳು. ಡಿ ಕ್ಯಾಂಡೋಲ್ ಎಂಬ ಸ್ವಿಸ್ ಸಸ್ಯಶಾಸ್ತ್ರಜ್ಞ 1828ರಲ್ಲಿ ಇದನ್ನು ಶಾಸ್ತ್ರೀಯವಾಗಿ ವರ್ಣಿಸಿದ. ಕೇರಳದವರು ಇದನ್ನು ನಿಶಾಗಂಧಿ ಎನ್ನುತ್ತಾರೆ, ಸಿಂಹಳದವರು ಕಡುಪುಲ್ ಎನ್ನುತ್ತಾರೆ. ನಿಶಾಗಂಧಿ ಎಂಬ ಹೆಸರೇ ಎಲ್ಲಕ್ಕಿಂತ ಒಪ್ಪುವಂಥದು ಎಂದು ನನ್ನ ಅಭಿಪ್ರಾಯ. ಆದರೆ ಜನರ ಬಾಯಲ್ಲಿ ನಿಂತ ಹೆಸರನ್ನು ಲೇಖನ ಬರೆದು ಬದಲಿಸಲಾಗದು. ಈ ಲೇಖನದಲ್ಲಿಯೂ ಬ್ರಹ್ಮಕಮಲವೆಂದೇ ಬಳಸಿದ್ದೇನೆ.

ನಿಜವಾದ ಬ್ರಹ್ಮಕಮಲ ಬೇರೆ. ಅದು ಹಿಮಾಲಯದಲ್ಲಿ ಸುಮಾರು 3,700 ಮೀಟರಿಗಿಂತ ಮೇಲೆ, ಬಂಡೆಗಳ ಸಂದಿಯಲ್ಲಿ ಬೆಳೆಯುವ ಮೂಲಿಕೆ. ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ್ದು. ಹೆಸರು ಸಾಸುರಿಯ ಒಬ್ವಲ್ಲಾಟ. ತಿಳಿಹಳದಿ ಬಣ್ಣದ, ಕಾಗದದಂತೆ ತೆಳುವಾದ ದೋಣಿಯಾಕಾರದ ಎಲೆಗಳು ಒಳಗಿನ ಸಣ್ಣ ನೇರಳೆ ಹೂಗಳನ್ನು ಮುಚ್ಚಿಕೊಂಡಿರುತ್ತವೆ. ಉತ್ತರಾಖಂಡದ ರಾಜ್ಯಪುಷ್ಪ ಅದು. 1982ರಲ್ಲಿ ನಮ್ಮ ಅಂಚೆ ಇಲಾಖೆ ಹಿಮಾಲಯದ ಹೂಗಳ ಅಂಚೆಚೀಟಿಗಳನ್ನು ಹೊರತಂದಾಗ ಅವುಗಳಲ್ಲಿ ಒಂದರ ಮೇಲೆ ಈ ಹೂವಿತ್ತು. ಆ ಗಿಡ ಹರಿಹರದ ಬಿಸಿಲಿನಲ್ಲಿ ಒಂದು ವಾರವೂ ಉಳಿಯಲಾರದು. ಜಾತ್ರೆಯಲ್ಲಿಯೋ ಪಟ್ಟಣದ ನರ್ಸರಿಯಲ್ಲಿಯೋ “ಇದು ಕೇದಾರದಿಂದ ತಂದ ಅಸಲಿ ಬ್ರಹ್ಮಕಮಲ” ಎಂದು ಹೇಳಿ ಎರಡು ಮೂರು ಪಟ್ಟು ಬೆಲೆಗೆ ಮಾರುವ ಗಿಡ, ಪಕ್ಕದ ಮನೆಯವರು ಪುಕ್ಕಟೆ ಕೊಡುವ ಅದೇ ಕಳ್ಳಿಯ ತುಂಡು ಎಂಬುದನ್ನು ಸದಸ್ಯರು ಗಮನದಲ್ಲಿಡಬೇಕು. ಹಿಮಾಲಯದ ಮೂಲಿಕೆಗೆ ಹೇಳುವ ಔಷಧಿಗುಣಗಳನ್ನು ಇದಕ್ಕೆ ಅಂಟಿಸಿ ಕಷಾಯ ಕುಡಿಯುವವರೂ ಇದ್ದಾರೆ. ಹೆಸರು ಒಂದಾದ ಮಾತ್ರಕ್ಕೆ ಗುಣ ಒಂದಾಗುವುದಿಲ್ಲ.

ಹನ್ನೆರಡು ವರ್ಷಕ್ಕೊಮ್ಮೆ ಮಾತ್ರ ಅರಳುತ್ತದೆ ಎಂಬ ಮಾತೂ ಈ ಗಿಡಕ್ಕೆ ಸಲ್ಲದು. ಅದು ನೀಲಕುರಿಂಜಿಯ ಕಥೆ. ಬ್ರಹ್ಮಕಮಲ ಚೆನ್ನಾಗಿ ನೋಡಿಕೊಂಡರೆ ಪ್ರತಿವರ್ಷವೂ, ಒಂದೇ ವರ್ಷದಲ್ಲಿ ಎರಡು ಮೂರು ಸರದಿಯಾಗಿಯೂ ಹೂ ಕೊಡುತ್ತದೆ. ಹನ್ನೆರಡು ವರ್ಷ ಕಾದು ಕುಳಿತವರ ಗಿಡಕ್ಕೆ ಬೇರೆ ಏನೋ ತೊಂದರೆಯಿದೆ ಎಂದೇ ತಿಳಿಯಬೇಕು.

ಈಚೆಗೆ ನಮ್ಮ ಒಣಭೂಮಿಯ ರೈತರು ನೆಡುತ್ತಿರುವ ಡ್ರ್ಯಾಗನ್ ಹಣ್ಣಿನ ಬಳ್ಳಿ ಇದರ ಹತ್ತಿರದ ದಾಯಾದಿ. ಅದರ ಹೂವೂ ರಾತ್ರಿಯೇ ಅರಳುತ್ತದೆ, ನೋಡಲು ಇದೇ ಹೂವಿನಂತಿದೆ. ಆ ಹಣ್ಣಿಗೆ ಗುಜರಾತ್ ಸರ್ಕಾರ 2021ರಲ್ಲಿ ‘ಕಮಲಂ’ ಎಂದು ಹೆಸರಿಟ್ಟಿತು. ಹೀಗೆ ಕೆರೆಯನ್ನೇ ಕಾಣದ ಎರಡು ಕಳ್ಳಿಗಳು ಕಮಲವಾಗಿ ನಮ್ಮಲ್ಲಿ ನೆಲೆಸಿವೆ.

ಎಲೆಯೆಂದು ಕಾಣುವುದು ಕಾಂಡ

ಈ ಗಿಡದ ಆರೈಕೆಯಲ್ಲಿ ಆಗುವ ಅರ್ಧ ತಪ್ಪುಗಳು ಅದರ ದೇಹರಚನೆ ತಿಳಿಯದೆ ಆಗುವಂಥವು. ನಾವು ಎಲೆ ಎನ್ನುವ ಅಗಲವಾದ, ದಪ್ಪವಾದ, ಅಂಚು ಅಲೆಅಲೆಯಾಗಿರುವ ಭಾಗ ವಾಸ್ತವವಾಗಿ ಚಪ್ಪಟೆಯಾದ ಕಾಂಡ. ನಡುವೆ ಓಡುವ ಗಟ್ಟಿ ದಿಂಡನ್ನು ಮುಟ್ಟಿ ನೋಡಿದರೆ ಇದು ತಿಳಿಯುತ್ತದೆ. ಅಂಚಿನಲ್ಲಿ ತಗ್ಗು ಬಿದ್ದ ಕಡೆಯಲ್ಲೆಲ್ಲ ಒಂದೊಂದು ಕಣ್ಣಿದೆ. ಪಾಪಾಸುಕಳ್ಳಿಯಲ್ಲಿ ಮುಳ್ಳು ಹುಟ್ಟುವ ಜಾಗವೇ ಇದು. ಈ ಗಿಡದಲ್ಲಿ ಮುಳ್ಳು ಮಾಯವಾಗಿ ಕಣ್ಣು ಮಾತ್ರ ಉಳಿದಿದೆ. ಹೊಸ ಚಿಗುರು ಬರುವುದೂ ಹೂವಿನ ಮೊಗ್ಗು ಬರುವುದೂ ಈ ಕಣ್ಣುಗಳಿಂದಲೇ. “ಎಲೆಯ ಮೇಲೆ ಹೂ ಬಿಡುವ ಗಿಡ” ಎಂದು ಜನ ಬೆರಗುಗೊಳ್ಳುತ್ತಾರೆ. ಗ್ರೀಕ್ ಭಾಷೆಯಲ್ಲಿ ಎಪಿಫಿಲಮ್ ಎಂಬ ಹೆಸರಿಗೂ ‘ಎಲೆಯ ಮೇಲೆ’ ಎಂದೇ ಅರ್ಥ. ಹೆಸರಿಟ್ಟವರ ಕಣ್ಣಿಗೂ ಅದು ಹಾಗೆಯೇ ಕಂಡಿರಬೇಕು.

ಬುಡದಿಂದ ಬರುವ ಕೆಲವು ಚಿಗುರುಗಳು ಮೊದಲು ಕೋಲಿನಂತೆ ಉರುಟಾಗಿ, ಎರಡು ಮೀಟರಿಗೂ ಮಿಕ್ಕಿ ಉದ್ದಕ್ಕೆ ಏರಿ, ಆಮೇಲೆ ತುದಿಯಲ್ಲಿ ಚಪ್ಪಟೆಯಾಗುತ್ತವೆ. ಇವು ಗಿಡದ ಕಂಬಗಳು. ಇವುಗಳ ಪಕ್ಕದಿಂದ ಹೊರಡುವ ಚಪ್ಪಟೆ ಕಾಂಡಗಳು ಬಲಿತ ಮೇಲೆ ಹೂ ಬಿಡುತ್ತವೆ. ಒಂದು ಕಣ್ಣು ಒಮ್ಮೆ ಹೂ ಕೊಟ್ಟರೆ ಸಾಮಾನ್ಯವಾಗಿ ಮತ್ತೆ ಕೊಡುವುದಿಲ್ಲ; ಅದೇ ಕಾಂಡದ ಬೇರೆ ಕಣ್ಣುಗಳು ಮುಂದಿನ ವರ್ಷಗಳಲ್ಲಿ ಕೊಡುತ್ತವೆ. ಗಿಡ ಅಂದವಾಗಿ ಕಾಣಲೆಂದು ಪ್ರತಿವರ್ಷ ಹಳೆಯ ಕಾಂಡಗಳನ್ನೆಲ್ಲ ಕತ್ತರಿಸಿ ಹೊಸ ಚಿಗುರನ್ನು ಮಾತ್ರ ಉಳಿಸಿಕೊಳ್ಳುವ ಮನೆಯಲ್ಲಿ ಹೂ ಕಾಣದಿರುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಬಲಿತ ಕಾಂಡಗಳು ಒರಟಾಗಿ, ಅಲ್ಲಲ್ಲಿ ಕಂದುಗಟ್ಟಿ ಕಂಡರೂ ಅವುಗಳನ್ನು ಉಳಿಸಬೇಕು. ಕೊಳೆತದ್ದು, ಪೂರ್ತಿ ಸೊರಗಿದ್ದು ಮಾತ್ರ ತೆಗೆಯಬೇಕು.

ರಾತ್ರಿ ಉಸಿರಾಡುವ ಗಿಡ

ಅಡಿಕೆ, ಕಾಫಿ, ಬಾಳೆ ಇವೆಲ್ಲ ಹಗಲಿನಲ್ಲಿ ಎಲೆಯ ಸಣ್ಣ ರಂಧ್ರಗಳನ್ನು ತೆರೆದು ಗಾಳಿಯನ್ನು ಒಳಗೆಳೆದುಕೊಳ್ಳುತ್ತವೆ. ಆಗ ಅದೇ ರಂಧ್ರಗಳಿಂದ ನೀರು ಆವಿಯಾಗಿ ಹೊರಹೋಗುತ್ತದೆ. ಕಳ್ಳಿಯ ಜಾತಿಯವು ಹಗಲಿನಲ್ಲಿ ಬಾಗಿಲು ಮುಚ್ಚಿ, ತಂಪಾದ ರಾತ್ರಿಯಲ್ಲಿ ತೆರೆಯುತ್ತವೆ. ರಾತ್ರಿ ಎಳೆದುಕೊಂಡ ಇಂಗಾಲದ ಡೈ ಆಕ್ಸೈಡನ್ನು ಹುಳಿಯ ರೂಪದಲ್ಲಿ ಕೂಡಿಟ್ಟುಕೊಂಡು, ಹಗಲಿನಲ್ಲಿ ಬಿಸಿಲು ಬಿದ್ದಾಗ ಅದನ್ನು ಬಿಡಿಸಿ ಆಹಾರ ತಯಾರಿಸುತ್ತವೆ. ಬೆಳಗಿನ ಜಾವ ಇಂಥ ಗಿಡದ ರಸ ಹುಳಿಯಾಗಿರುತ್ತದೆ, ಸಂಜೆಯ ಹೊತ್ತಿಗೆ ಆ ಹುಳಿ ಇಳಿದಿರುತ್ತದೆ.

ಈ ಹುಳಿಯ ಏರಿಳಿತವನ್ನು ಗುರುತಿಸಿದ ಕಥೆಗೆ ನಮ್ಮ ನಾಡಿನ ನಂಟೂ ಇದೆ. ಟಿಪ್ಪುವಿನ ಪತನದ ನಂತರ ನಡೆದ ಮೈಸೂರು ಸರ್ವೆಯಲ್ಲಿ ಸಸ್ಯಶಾಸ್ತ್ರಜ್ಞನಾಗಿದ್ದು, ಬೆಂಗಳೂರಿನ ಲಾಲ್‌ಬಾಗನ್ನೂ ನೋಡಿಕೊಂಡ ಬೆಂಜಮಿನ್ ಹೈನೆ ಎಂಬಾತ, ಭಾರತದಲ್ಲಿದ್ದಾಗ ನಮ್ಮ ಹಿತ್ತಲುಗಳ ಕಾಡುಬಸಳೆಯ ಎಲೆಯನ್ನು ದಿನದ ಬೇರೆ ಬೇರೆ ಹೊತ್ತಿನಲ್ಲಿ ಜಗಿದು ನೋಡಿದ. ಬೆಳಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ, ಸಂಜೆಗೆ ಸ್ವಲ್ಪ ಕಹಿ ಎಂದು ಕಂಡು, 1813ರಲ್ಲಿ ಪತ್ರ ಬರೆದು ಲಂಡನ್ನಿನ ವಿದ್ವಾಂಸರಿಗೆ ತಿಳಿಸಿದ. ಅದರ ಪೂರ್ಣ ವಿವರಣೆ ಸಿಗಲು ಇಪ್ಪತ್ತನೆಯ ಶತಮಾನವೇ ಬರಬೇಕಾಯಿತು. ಪ್ರಯೋಗಶಾಲೆಯಿಲ್ಲದೆ ಬರಿಯ ನಾಲಗೆಯಿಂದ ಮಾಡಿದ ಈ ಶೋಧನೆಯನ್ನು ಶಾಲೆಗೆ ಹೋಗುವ ಮಕ್ಕಳಿಗೆ ಹೇಳಬೇಕು. ಕಾಡುಬಸಳೆ ಹಿತ್ತಲಿನಲ್ಲಿದ್ದರೆ ದೊಡ್ಡವರ ಎದುರಿನಲ್ಲಿ ಎಲೆಯ ಚೂರೊಂದನ್ನು ನಾಲಗೆಗೆ ಮುಟ್ಟಿಸಿ ಉಗುಳಿ ನೋಡಲಿ. ಗುರುತಿಲ್ಲದ ಬೇರೆ ಗಿಡಗಳ ಮೇಲೆ, ಮುಖ್ಯವಾಗಿ ಹಾಲು ಬರುವ ಕಳ್ಳಿಗಳ ಮೇಲೆ, ಈ ಪ್ರಯೋಗ ಸರ್ವಥಾ ಬೇಡ.

ಬೇಸಾಯಗಾರನಿಗೆ ಇದರಿಂದ ತಿಳಿಯಬೇಕಾದ್ದು ನೀರಿನ ಲೆಕ್ಕ. ಹನಿ ನೀರಾವರಿಯಲ್ಲಿ ಬೆಳೆದ ಅಡಿಕೆ ಮರಕ್ಕೆ ಬೇಸಿಗೆಯಲ್ಲಿ ದಿನಕ್ಕೆ 16ರಿಂದ 20 ಲೀಟರ್ ಬೇಕು. ಬ್ರಹ್ಮಕಮಲದ ಒಂದು ಸಾಧಾರಣ ಕುಂಡಕ್ಕೆ ವಾರಕ್ಕೆ ಎರಡು ಬಾರಿ ಅರ್ಧರ್ಧ ಲೀಟರ್ ಸಾಕು. 2023ರ ಮುಂಗಾರು ಕೈಕೊಟ್ಟು, ಮರುವರ್ಷದ ಬೇಸಿಗೆಯಲ್ಲಿ ದಾವಣಗೆರೆ ಜಿಲ್ಲೆಯ ಅಡಿಕೆ ಬೆಳೆಗಾರರು ಟ್ಯಾಂಕರ್ ನೀರು ಕೊಂಡು ತೋಟ ಉಳಿಸಿಕೊಳ್ಳಲು ಪಟ್ಟ ಪಾಡು ಎಲ್ಲರಿಗೂ ಗೊತ್ತಿದೆ. ಅಂಥ ಬೇಸಿಗೆಯಲ್ಲಿಯೂ ಪಾತ್ರೆ ತೊಳೆಯುವ ಮೊದಲು ಅಕ್ಕಿ ತೊಳೆದ ನೀರಿನಿಂದಲೇ ಈ ಗಿಡ ಬದುಕಿಕೊಳ್ಳುತ್ತದೆ. ನೀರಿಲ್ಲದೆ ಸತ್ತ ಬ್ರಹ್ಮಕಮಲಕ್ಕಿಂತ ನೀರು ಹೆಚ್ಚಾಗಿ ಕೊಳೆತ ಬ್ರಹ್ಮಕಮಲಗಳ ಸಂಖ್ಯೆಯೇ ದೊಡ್ಡದು.

ಹಾಗೆಂದು ಇದನ್ನು ಮರಳುಗಾಡಿನ ಕಳ್ಳಿಯೆಂದು ಭಾವಿಸಬಾರದು. ಇದು ಕಾಡಿನಲ್ಲಿ ದೊಡ್ಡ ಮರಗಳ ಕವಲುಗಳಲ್ಲಿ, ಕೊಳೆತ ತರಗೆಲೆಯಲ್ಲಿ ಬೇರೂರಿ ನೇತಾಡುವ ಗಿಡ. ಮಳೆ ಬಂದಾಗ ತೋಯ್ದು ಕೂಡಲೇ ಬಸಿದುಹೋಗುವ ಜಾಗ, ಎಲೆಗಳ ಸಂದಿಯಿಂದ ಸೋಸಿ ಬರುವ ಬೆಳಕು, ಗಾಳಿಯಲ್ಲಿ ತೇವ, ವರ್ಷದಲ್ಲಿ ಕೆಲವು ತಿಂಗಳ ಒಣ ವಿಶ್ರಾಂತಿ, ಇವಿಷ್ಟು ಅದಕ್ಕೆ ಬೇಕು. ಕಾಫಿ ಬೆಳೆಯುವ ಸದಸ್ಯರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕಾಫಿ ಗಿಡಕ್ಕೆ ಹಿತವಾದ ನೆರಳೇ ಇದಕ್ಕೂ ಹಿತ.

ನಾಲೆ ಬಯಲಿನಲ್ಲಿ ಹೂ ಏಕೆ ಬಿಡುವುದಿಲ್ಲ?

ಈಗ ಅಕ್ಕನ ಮನೆಗೂ ತಂಗಿಯ ಮನೆಗೂ ಇರುವ ವ್ಯತ್ಯಾಸವನ್ನು ನೋಡೋಣ. ತೀರ್ಥಹಳ್ಳಿಯ ಕಡೆ ಮಳೆಗಾಲ ಮುಗಿದ ಮೇಲೆ ಚಳಿ ಬೀಳುತ್ತದೆ, ಕುಂಡದ ಕಡೆಗೆ ಯಾರೂ ನೋಡುವುದಿಲ್ಲ, ಗಿಡ ಒಣಗಿ ಸುಮ್ಮನಿರುತ್ತದೆ. ಏಪ್ರಿಲ್-ಮೇ ತಿಂಗಳ ಅಡ್ಡಮಳೆ ಬಿದ್ದ ಕೂಡಲೇ ಎಚ್ಚತ್ತು ಮೊಗ್ಗು ಹಾಕುತ್ತದೆ. ಹರಿಹರದ ಕಡೆ ವರ್ಷದ ಮಳೆ 600 ಮಿಲಿಮೀಟರಿನ ಆಸುಪಾಸು. ಆದರೆ ಭದ್ರಾ ನಾಲೆಯ ನೀರು ಬಂದ ಮೇಲೆ ಮನೆಯ ಸುತ್ತ ನೀರಿಗೆ ಬರವಿಲ್ಲದಂತಾಯಿತು. ಬೆಳಗ್ಗೆ ಬಾಗಿಲಿಗೆ ನೀರು ಹಾಕಿ ಉಳಿದದ್ದನ್ನು ಕುಂಡಕ್ಕೆ ಸುರಿಯುವುದು ವರ್ಷದ ಮುನ್ನೂರರವತ್ತೈದು ದಿನವೂ ನಡೆಯುತ್ತದೆ. ಗಿಡಕ್ಕೆ ವಿಶ್ರಾಂತಿಯೇ ಇಲ್ಲ. ಅದು ಕೊಬ್ಬಿ ಕೊಬ್ಬಿ ಚಿಗುರು ಬಿಡುತ್ತದೆಯೇ ಹೊರತು ಹೂವಿನ ಯೋಚನೆ ಮಾಡುವುದಿಲ್ಲ.

ಇದಕ್ಕೆ ಪರಿಹಾರ ಸರಳ, ಆದರೆ ಕೈ ತಡೆಯಬೇಕು. ದೀಪಾವಳಿ ಕಳೆದ ಮೇಲೆ ನೀರನ್ನು ಕ್ರಮೇಣ ಕಡಿಮೆ ಮಾಡುತ್ತ ಬಂದು, ಡಿಸೆಂಬರಿನಿಂದ ಫೆಬ್ರವರಿಯ ಮಧ್ಯದವರೆಗೆ ಹತ್ತು ಹನ್ನೆರಡು ದಿನಕ್ಕೊಮ್ಮೆ ಮಾತ್ರ ಒಂದು ಚೊಂಬು ನೀರು ಕೊಡಬೇಕು. ಕಾಂಡ ಸ್ವಲ್ಪ ಸುಕ್ಕುಗಟ್ಟಿದರೆ ಭಯಪಡಬೇಕಾಗಿಲ್ಲ. ಶಿವರಾತ್ರಿಯ ನಂತರ ಮತ್ತೆ ನೀರು ಹೆಚ್ಚಿಸಬೇಕು. ಬೇಸಿಗೆಯಲ್ಲಿ ಸಂಜೆ ನೀರು ಕೊಡುವುದು ಒಳ್ಳೆಯದು. ಮಳೆಗಾಲದಲ್ಲಿ ಕೊಡಲೇಬೇಕಾದರೆ ಬೆಳಗ್ಗೆ ಕೊಡಬೇಕು, ರಾತ್ರಿಯಿಡೀ ಬುಡ ಒದ್ದೆಯಾಗಿರಬಾರದು. ಕೊಳವೆಬಾವಿಯ ಗಡಸು ನೀರನ್ನೇ ಸದಾ ಹಾಕುತ್ತಿದ್ದರೆ ಕುಂಡದ ಅಂಚಿನಲ್ಲಿ ಬಿಳಿಯ ಉಪ್ಪು ಕಟ್ಟುತ್ತದೆ. ಮಳೆನೀರು ಸಿಕ್ಕಾಗ ಕುಂಡದ ಕೆಳಗಿನಿಂದ ಹರಿದುಹೋಗುವಷ್ಟು ಸುರಿದು ಆ ಉಪ್ಪನ್ನು ತೊಳೆಯಬೇಕು.

ಎರಡನೆಯದು ಬೆಳಕು. ದಟ್ಟವಾದ ಅಡಿಕೆ ತೋಟದ ನಡುವೆಯೋ ಪಡಸಾಲೆಯ ಕತ್ತಲ ಮೂಲೆಯಲ್ಲಿಯೋ ಇಟ್ಟ ಗಿಡ ಚಾವಟಿಯಂಥ ಉದ್ದನೆಯ ಚಿಗುರು ಬಿಡುತ್ತ ಬೆಳಕನ್ನು ಹುಡುಕುತ್ತದೆ, ಹೂ ಬಿಡುವುದಿಲ್ಲ. ತಾರಸಿಯ ಮೇಲೆ ನೇರ ಬಿಸಿಲಿಗೆ ಇಟ್ಟರೆ ಏಪ್ರಿಲಿನ 38 ಡಿಗ್ರಿಯ ಬಿಸಿಲಿಗೆ ಕಾಂಡ ಹಳದಿಯಾಗಿ, ಸುಟ್ಟು, ಕಾಗದದಂಥ ಕಲೆ ಬೀಳುತ್ತದೆ. ಮನೆಯ ಪೂರ್ವದ ಬದಿಯಲ್ಲಿ, ಬೆಳಗಿನ ಒಂಬತ್ತು ಹತ್ತು ಗಂಟೆಯವರೆಗೆ ಎಳೆಬಿಸಿಲು ಬಿದ್ದು ಆಮೇಲೆ ನೆರಳಾಗುವ ಜಾಗವೇ ಉತ್ತಮ. ಹಾಗೆ ಜಾಗವಿಲ್ಲದವರು ಪಶ್ಚಿಮದ ಕಡೆಗೆ ನಾಲ್ಕು ಅಡಿಕೆ ಹಾಳೆ ಕಟ್ಟಿ ಮರೆ ಮಾಡಿದರೂ ಸಾಕು. ಜಿಂಕ್ ಶೀಟಿನ ಗೋಡೆಯ ಪಕ್ಕ ಮಾತ್ರ ಇಡಬಾರದು. ಅದರ ಕಾವಿಗೆ ರಾತ್ರಿಯೂ ಗಿಡ ತಣಿಯುವುದಿಲ್ಲ.

ಮೂರನೆಯದು ಮಣ್ಣು. ನಮ್ಮ ಎರೆಮಣ್ಣು ಭತ್ತಕ್ಕೆ ಚೆನ್ನ, ಈ ಗಿಡಕ್ಕೆ ವಿಷ. ನೀರು ಬಿದ್ದರೆ ಉಬ್ಬಿ ಅಂಟಾಗುತ್ತದೆ, ಒಣಗಿದರೆ ಬಿರಿದು ಬೇರನ್ನು ಹರಿಯುತ್ತದೆ. ಗದ್ದೆಯ ಮಣ್ಣನ್ನು ಬುಟ್ಟಿಯಲ್ಲಿ ತಂದು ಕುಂಡಕ್ಕೆ ತುಂಬುವ ಅಭ್ಯಾಸವನ್ನು ಇಲ್ಲಿ ಪೂರ್ತಿ ಬಿಡಬೇಕು.

ಕುಂಡ ತುಂಬುವುದು, ತುಂಡು ನೆಡುವುದು

ಕುಂಡಕ್ಕೆ ಬೇಕಾದ ಸಾಮಗ್ರಿ ಬೆಳೆಗಾರರ ಮನೆಯಲ್ಲೇ ಇದೆ. ಎರಡು ಭಾಗ ಚೆನ್ನಾಗಿ ಕೊಳೆತ ತರಗೆಲೆ ಗೊಬ್ಬರ, ಒಂದು ಭಾಗ ಹೆಬ್ಬೆರಳಿನ ಗಾತ್ರಕ್ಕೆ ಕತ್ತರಿಸಿದ ತೆಂಗಿನ ಸಿಪ್ಪೆ, ಒಂದು ಭಾಗ ದಪ್ಪ ಮರಳು, ಒಂದೆರಡು ಹಿಡಿ ಇದ್ದಿಲು. ತೆಂಗಿನ ಸಿಪ್ಪೆಯನ್ನು ಎರಡು ಮೂರು ದಿನ ನೀರು ಬದಲಿಸುತ್ತ ನೆನೆಸಿ ಹಿಂಡಿಕೊಳ್ಳಬೇಕು. ಅದರ ಕಂದು ನೀರು ಎಳೆಬೇರಿಗೆ ಒಳ್ಳೆಯದಲ್ಲ. ಅಡಿಕೆ ಸಿಪ್ಪೆಯಾಗಲಿ ಕಾಫಿ ಸಿಪ್ಪೆಯಾಗಲಿ ಚೆನ್ನಾಗಿ ಕೊಳೆತು ಕಪ್ಪಗಾಗಿದ್ದರೆ ತರಗೆಲೆ ಗೊಬ್ಬರದ ಬದಲಿಗೆ ಬಳಸಬಹುದು. ಹಸಿಯ ಸಿಪ್ಪೆ ಮಾತ್ರ ಬೇಡ. ಅದು ಕುಂಡದೊಳಗೆ ಕೊಳೆಯುವಾಗ ಕಾವೇರುತ್ತದೆ, ಗಿಡಕ್ಕೆ ಸಲ್ಲಬೇಕಾದ ಸಾರಜನಕವನ್ನೂ ತಾನೇ ಹೀರುತ್ತದೆ.

ಕುಂಡ ದೊಡ್ಡದಾಗಬಾರದು. ಈ ಗಿಡಕ್ಕೆ ಬೇರು ಸ್ವಲ್ಪ ಇಕ್ಕಟ್ಟಾದರೆ ಹೂ ಹೆಚ್ಚು. ಎಂಟರಿಂದ ಹತ್ತು ಅಂಗುಲದ ಮಣ್ಣಿನ ಕುಂಡ ನಾಲ್ಕೈದು ವರ್ಷಕ್ಕೆ ಸಾಕಾಗುತ್ತದೆ. ತಳದಲ್ಲಿ ಎರಡು ಮೂರು ತೂತು ಇದ್ದು, ಅವುಗಳ ಮೇಲೆ ಹೆಂಚಿನ ಚೂರು ಹಾಕಿರಬೇಕು. ಕುಂಡದ ಕೆಳಗೆ ತಟ್ಟೆ ಇಡುವ ಪಟ್ಟಣದ ಫ್ಯಾಶನ್ನು ಮಳೆಗಾಲದಲ್ಲಿ ಗಿಡವನ್ನು ಕೊಲ್ಲುತ್ತದೆ, ಸೊಳ್ಳೆಯನ್ನೂ ಸಾಕುತ್ತದೆ.

ತುಂಡಿಗೆ ಬಲಿತ, ಆದರೆ ತೀರ ಮುದಿಯಾಗದ ಚಪ್ಪಟೆ ಕಾಂಡವನ್ನು ಆರಿಸಿ, ಒಂದು ಗೇಣು ಉದ್ದಕ್ಕೆ ಹರಿತವಾದ, ಶುಭ್ರವಾದ ಚಾಕುವಿನಿಂದ ಕತ್ತರಿಸಬೇಕು. ಮೇಲ್ತುದಿ ಯಾವುದು ಬುಡ ಯಾವುದು ಎಂದು ಆಗಲೇ ಗುರುತು ಮಾಡಿಟ್ಟುಕೊಳ್ಳಬೇಕು. ಒಂದೇ ಕಾಂಡವನ್ನು ಮೂರು ತುಂಡು ಮಾಡಿದ ಮೇಲೆ ನಡುವಿನ ತುಂಡಿನ ತಲೆ ಬುಡ ಹೇಳುವುದು ಕಷ್ಟ. ಆಮೇಲೆ ಬರುವುದು ಹೆಚ್ಚಿನವರು ತಪ್ಪಿಸುವ ಹಂತ. ಕತ್ತರಿಸಿದ ತುಂಡನ್ನು ಕೂಡಲೇ ನೆಡಬಾರದು. ನೆರಳಿನಲ್ಲಿ ಐದರಿಂದ ಏಳು ದಿನ ಮೊರದ ಮೇಲೆ ಹರವಿ ಇಟ್ಟು, ಗಾಯ ಒಣಗಿ ಬಿಳಿಯ ಪೊರೆ ಕಟ್ಟಿದ ಮೇಲೆ ನೆಡಬೇಕು. ಹಸಿಗಾಯದ ತುಂಡು ಒದ್ದೆ ಮಣ್ಣು ಸೇರಿದರೆ ಮಣ್ಣಿನ ಶಿಲೀಂಧ್ರಗಳಿಗೆ ತೆರೆದ ಬಾಗಿಲಾಗುತ್ತದೆ.

ಎರಡು ಅಂಗುಲಕ್ಕಿಂತ ಆಳಕ್ಕೆ ಹೂಳಬಾರದು. ಅಲುಗಾಡದಂತೆ ಅಡಿಕೆ ದಬ್ಬೆಯ ಒಂದು ಸೀಳನ್ನು ಊರಿ ಬಾಳೆ ನಾರಿನಿಂದ ಸಡಿಲವಾಗಿ ಕಟ್ಟಬೇಕು. ಮೊದಲ ವಾರ ನೀರು ಬೇಡ. ನಂತರ ಮೂರು ನಾಲ್ಕು ದಿನಕ್ಕೊಮ್ಮೆ ಮೇಲ್ಮಣ್ಣು ತೋಯುವಷ್ಟು ಚಿಮುಕಿಸಿದರೆ ಸಾಕು. ಮೂರು ನಾಲ್ಕು ವಾರದಲ್ಲಿ ಬೇರು ಬರುತ್ತದೆ. ಫೆಬ್ರವರಿಯ ಕೊನೆ ಅಥವಾ ಮಳೆ ಕಡಿಮೆಯಾದ ಸೆಪ್ಟೆಂಬರು ನಮ್ಮ ಸೀಮೆಗೆ ಸರಿಯಾದ ಕಾಲ. ಹೀಗೆ ನೆಟ್ಟ ಗಿಡ ಎರಡು ಮೂರು ವರ್ಷಕ್ಕೆ ಹೂವಿಗೆ ಬರುತ್ತದೆ. ಅದಕ್ಕೆ ಮುಂಚೆ ಅವಸರಪಡುವುದು ಎರಡು ವರ್ಷದ ಅಡಿಕೆ ಸಸಿಯಲ್ಲಿ ಗೊನೆ ಹುಡುಕಿದಂತೆ.

ಗೊಬ್ಬರದ ಬಗೆಗೆ ಹೆಚ್ಚು ಹೇಳಬೇಕಾದ್ದಿಲ್ಲ. ತೋಟಕ್ಕೆ ತಂದ ಯೂರಿಯಾದಲ್ಲಿ ಒಂದು ಚಮಚ ಇದಕ್ಕೂ ಹಾಕೋಣವೆಂಬ ಆಸೆಯನ್ನು ಬಿಡಬೇಕು. ಸಾರಜನಕ ಹೆಚ್ಚಾದರೆ ಬರಿಯ ಚಿಗುರು. ಮಾರ್ಚಿಯಲ್ಲಿ ಒಂದು ಹಿಡಿ ಹಳೆಯ ಕೊಟ್ಟಿಗೆ ಗೊಬ್ಬರ, ಎರಡು ಚಮಚ ಎಲುಬಿನ ಪುಡಿ, ಒಂದು ಚಮಚ ಸೌದೆ ಒಲೆಯ ಬೂದಿ ಮೇಲೆ ಹಾಕಿ ಕೈಯಾಡಿಸಿದರೆ ವರ್ಷಕ್ಕೆ ಸಾಕು.

ಮೊಗ್ಗಿನಿಂದ ಹೂವಿನವರೆಗೆ

ನಮ್ಮಲ್ಲಿ ಮೇ ತಿಂಗಳಿನಿಂದ ಅಕ್ಟೋಬರಿನವರೆಗೆ ಮೊಗ್ಗು ಬರುವ ಕಾಲ. ಮೊದಲು ಕಣ್ಣಿನಲ್ಲಿ ಗೋಧಿ ಕಾಳಿನಷ್ಟು ಕೆಂಪು ಮೊನೆ ಕಾಣಿಸುತ್ತದೆ. ಅದು ಚಿಗುರೋ ಮೊಗ್ಗೋ ಎಂದು ಮೊದಲ ವಾರ ಹೇಳಲಾಗದು. ಚಪ್ಪಟೆಯಾದರೆ ಚಿಗುರು, ದುಂಡಗಾಗಿ ಜೋತುಬಿದ್ದರೆ ಮೊಗ್ಗು. ಮೊಗ್ಗು ಕಂಡ ಮೇಲೆ ಮೂರು ನಾಲ್ಕು ವಾರಕ್ಕೆ ಹೂ. ಈ ಅವಧಿಯಲ್ಲಿ ಕುಂಡವನ್ನು ಜಾಗ ಬದಲಿಸಬಾರದು, ತಿರುಗಿಸಲೂ ಬಾರದು, ನೀರು ತಪ್ಪಿಸಲೂ ಬಾರದು. ನೆಂಟರಿಗೆ ಕಾಣಲೆಂದು ಹಿತ್ತಲಿನ ಕುಂಡವನ್ನು ಮುಂದಿನ ಜಗಲಿಗೆ ತಂದಿಟ್ಟು ಮೊಗ್ಗೆಲ್ಲ ಉದುರಿಸಿಕೊಂಡ ಮನೆಗಳು ಬೇಕಾದಷ್ಟಿವೆ.

ಕೆಳಮುಖವಾಗಿದ್ದ ಮೊಗ್ಗಿನ ಕೊಳವೆ ಕ್ರಮೇಣ ಕೊಕ್ಕರೆಯ ಕತ್ತಿನಂತೆ ಬಾಗಿ ಮೇಲೆದ್ದು ನಿಲ್ಲುತ್ತದೆ. ಅರಳುವ ದಿನ ಮಧ್ಯಾಹ್ನದಿಂದಲೇ ಮೊಗ್ಗು ಉಬ್ಬಿ, ತುದಿಯ ಎಸಳುಗಳು ಸಡಿಲವಾಗಿ ಬಿಳುಪು ಕಾಣುತ್ತದೆ. ಆ ದಿನ ರಾತ್ರಿ ಎಂಟರ ಸುಮಾರಿಗೆ ಬಿಚ್ಚಲಾರಂಭಿಸಿ, ಹನ್ನೊಂದು ಹನ್ನೆರಡರ ಹೊತ್ತಿಗೆ ಪೂರ್ತಿ ಅರಳುತ್ತದೆ. ಕೊಳವೆ ಸೇರಿ ಹೂವಿನ ಉದ್ದ ಒಂದು ಅಡಿಯವರೆಗೂ ಇರುತ್ತದೆ, ಅಂಗೈಯಗಲಕ್ಕಿಂತ ದೊಡ್ಡದು. ಪರಿಮಳ ಕೇರಿಗೆಲ್ಲ ಹರಡುತ್ತದೆ. ಬೆಳಗಿನ ಜಾವಕ್ಕೆ ಬಾಡಿ ಜೋತುಬೀಳುತ್ತದೆ. ಮಧ್ಯಾಹ್ನವೇ ಗುರುತು ಹಿಡಿದರೆ ಅಕ್ಕಪಕ್ಕದವರಿಗೆ ಹೇಳಿಕಳುಹಿಸಲು ಸಮಯ ಸಿಗುತ್ತದೆ. ಬೆಳಗ್ಗೆ ಎದ್ದು ಬಾಡಿದ ಹೂ ನೋಡಿ ಪೇಚಾಡುವುದು ತಪ್ಪುತ್ತದೆ. ಪೂಜೆಗೆ ಬೇಕಾದವರು ಪೂರ್ತಿ ಅರಳಿದ ಮೇಲೆ ಕೊಯ್ದರೆ ಗಿಡಕ್ಕೇನೂ ನಷ್ಟವಿಲ್ಲ.

ರಾತ್ರಿಯ ಬಿಳುಪೂ ಪರಿಮಳವೂ ಮನುಷ್ಯರಿಗಾಗಿ ಇರುವಂಥವಲ್ಲ. ಉದ್ದ ನಾಲಗೆಯ ದೊಡ್ಡ ರಾತ್ರಿಪತಂಗಗಳನ್ನು ಕರೆಯುವ ಉಪಾಯ ಅದು. ಆದರೂ ನಮ್ಮಲ್ಲಿ ಕಾಯಿ ಕಟ್ಟುವುದು ಬಹಳ ಅಪರೂಪ. ಈ ಗಿಡ ತನ್ನದೇ ಪರಾಗವನ್ನು ಒಪ್ಪುವುದಿಲ್ಲ. ಮನೆಯಿಂದ ಮನೆಗೆ ತುಂಡಿನಿಂದಲೇ ಹಬ್ಬಿದ ನಮ್ಮ ಗಿಡಗಳು ಬಹುಮಟ್ಟಿಗೆ ಒಂದೇ ಗಿಡದ ಅಂಗಗಳಿದ್ದಂತೆ. ಅಕ್ಕನ ಮನೆಯದೂ ತಂಗಿಯ ಮನೆಯದೂ ಹೂವಿನ ಮಟ್ಟಿಗೆ ಒಂದೇ ಗಿಡ.

ಮರಕ್ಕೆ ಹಬ್ಬಿಸಬಹುದೇ?

ಕುಂಡದ ರಗಳೆಯೇ ಬೇಡ, ಮೆಣಸಿನ ಬಳ್ಳಿಯಂತೆ ಅಡಿಕೆ ಮರಕ್ಕೇ ಹಬ್ಬಿಸೋಣ ಎಂಬ ಯೋಚನೆ ಬೆಳೆಗಾರರಿಗೆ ಸಹಜ. ಮರದ ಮೇಲೆ ಬೆಳೆಯುವುದು ಇದರ ಹುಟ್ಟುಗುಣವೇ. ಮಾವು ಸಪೋಟಗಳ ಮೇಲೆ ಬೆಳೆದು ಮರದ ಸಾರವನ್ನೇ ಹೀರುವ ಬಂದಳಿಕೆಯ ಹಾಗೆ ಇದು ಮರಕ್ಕೆ ಕೇಡು ಮಾಡುವುದಿಲ್ಲ, ಆಶ್ರಯ ಮಾತ್ರ ಪಡೆಯುತ್ತದೆ. ಆದರೆ ಅಡಿಕೆ ಮರ ಇದಕ್ಕೆ ತಕ್ಕದ್ದಲ್ಲ. ನುಣುಪಾದ ಕಾಂಡದ ಮೇಲೆ ಬೇರಿಗೆ ತರಗೆಲೆಯ ಆಸರೆಯಿಲ್ಲ. ಕೊನೆಗಾರನ ಕಾಲಿಗೆ ಅಡ್ಡ ಬರುತ್ತದೆ. ಕೊಳೆರೋಗಕ್ಕೆ ಹೊಡೆದ ಬೋರ್ಡೋ ದ್ರಾವಣ ಮಳೆಗಾಲದುದ್ದಕ್ಕೂ ಇದರ ಮೇಲೆ ಸುರಿಯುತ್ತದೆ, ಮೊಗ್ಗಿನ ಕಾಲವೂ ಅದೇ. ಹಿತ್ತಲಿನ ಹಳೆಯ ಮಾವು, ಹಲಸು, ತೋಟದ ಬದಿಯ ಹಾಲುವಾಣ ಇವು ಉತ್ತಮ. ಕವಲಿನಲ್ಲಿ ತೆಂಗಿನ ಸಿಪ್ಪೆ, ತರಗೆಲೆ ತುಂಬಿ, ಬೇರು ಬಂದ ಗಿಡವನ್ನು ಕೂರಿಸಿ ಗೋಣಿಯಿಂದ ಸುತ್ತಬೇಕು. ಹರಿಹರದ ಬೇಸಿಗೆಯ ಒಣಗಾಳಿಯಲ್ಲಿ ಮೊದಲ ಎರಡು ವರ್ಷ ವಾರಕ್ಕೆರಡು ಬಾರಿ ನೀರು ಚಿಮುಕಿಸದಿದ್ದರೆ ಅದು ನಿಲ್ಲುವುದಿಲ್ಲ. ಮಲೆನಾಡಿನ ಸದಸ್ಯರಿಗೆ ಈ ತೊಂದರೆ ಇಲ್ಲ.

ಕೀಟ, ಕೊಳೆ ಮತ್ತು ಕುಂಡದ ಮಣ್ಣು

ಬಿಳಿಯ ಹತ್ತಿಯಂತೆ ಕಣ್ಣುಗಳಲ್ಲಿ ಕೂರುವ ಹಿಟ್ಟು ತಿಗಣೆಯೇ ಮುಖ್ಯ ಶತ್ರು. ಇರುವೆಯ ಸಾಲು ಕಂಡರೆ ತಿಗಣೆ ಇದೆಯೆಂದೇ ತಿಳಿದು ಹುಡುಕಬೇಕು. ಕಡಿಮೆ ಇದ್ದಾಗ ಸಾಬೂನಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ಹೆಚ್ಚಾದರೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿರುವ ಬೇವಿನ ಸಾಬೂನನ್ನು ಪೊಟ್ಟಣದ ಮೇಲಿನ ಪ್ರಮಾಣದಲ್ಲಿ ಕದಡಿ ಸಂಜೆ ಸಿಂಪಡಿಸಬಹುದು. ಬುಡ ಮೆತ್ತಗಾಗಿ ಕಂದಾದರೆ ಔಷಧಿ ಹುಡುಕುತ್ತ ದಿನ ಕಳೆಯದೆ, ಕೊಳೆತ ಭಾಗಕ್ಕಿಂತ ಸಾಕಷ್ಟು ಮೇಲೆ ಕತ್ತರಿಸಬೇಕು. ಕತ್ತರಿಸಿದ ಮೈಯಲ್ಲಿ ಎಲ್ಲಿಯೂ ಕಂದು ಚುಕ್ಕೆ ಇಲ್ಲದೆ ಹಸಿರು ಕಂಡ ಮೇಲೆ ಆ ತುಂಡನ್ನು ಮೊದಲಿನಂತೆ ಒಣಗಿಸಿ ಬೇರೆ ಕುಂಡದಲ್ಲಿ ನೆಡಬೇಕು. ಹಳೆಯ ಮಣ್ಣನ್ನು ತೋಟಕ್ಕೆ ಚೆಲ್ಲಬಾರದು.

ಈ ಕೊನೆಯ ಮಾತನ್ನು ಸ್ವಲ್ಪ ವಿಸ್ತರಿಸಬೇಕು. ಆಫ್ರಿಕ ಮೂಲದ ದೊಡ್ಡ ಬಸವನಹುಳು 1847ರಲ್ಲಿ ಕಲ್ಕತ್ತೆಗೆ ಬಂದು, ಅಲ್ಲಿಂದ ದೇಶದ ಬಹುಭಾಗಕ್ಕೆ ಹಬ್ಬಿದೆ. ನಮ್ಮ ಅಡಿಕೆ ತೋಟಗಳಲ್ಲಿಯೂ ಕೊಡಗಿನ ಕಾಫಿ ತೋಟಗಳಲ್ಲಿಯೂ ಅದರ ಹಾವಳಿಯನ್ನು ಕಂಡವರಿದ್ದಾರೆ. ಅದು ತಾನಾಗಿ ನಡೆದು ಊರಿಂದೂರಿಗೆ ಹೋಗುವುದು ಕಡಿಮೆ. ಗಿಡದ ಕುಂಡ, ನರ್ಸರಿಯ ಚೀಲ, ಗೊಬ್ಬರದ ಗಾಡಿ ಇವುಗಳಲ್ಲಿ ಸವಾರಿ ಮಾಡುತ್ತದೆ. ಒಂದು ಹುಳು ಒಮ್ಮೆಗೆ ನೂರಕ್ಕೂ ಹೆಚ್ಚು ಮೊಟ್ಟೆಗಳನ್ನು ಮಣ್ಣಿನಲ್ಲಿಡುತ್ತದೆ. ಮೆಣಸಿನ ಸೊರಗು ರೋಗದ ಶಿಲೀಂಧ್ರ, ಬೇರುಗಂಟಿನ ಜಂತುಹುಳು, ಬೇರಿನ ಹಿಟ್ಟು ತಿಗಣೆ ಇವೂ ಮಣ್ಣಿನೊಡನೆಯೇ ಪಯಣಿಸುವಂಥವು. ನಾಲೆ ಬಯಲಿನ ಅಡಿಕೆ ತೋಟಗಳಿಗೆ ಮೆಣಸು ಬರುತ್ತಿರುವ ಈ ಕಾಲದಲ್ಲಿ, ರೋಗವಿರುವ ತೋಟದ ಪಕ್ಕದ ಹಿತ್ತಲಿನಿಂದ ತಂದ ಒಂದು ಕುಂಡವನ್ನು ಕೊಳವೆಬಾವಿಯ ಬಳಿ ಒಡೆದು ಹಾಕಿದರೆ, ಆ ಮಣ್ಣು ನೀರಿನೊಡನೆ ಯಾವ ಸಾಲಿಗೆ ಹೋಗಿ ಸೇರುತ್ತದೆ ಎಂದು ಯಾರೂ ಹೇಳಲಾರರು. ಐದು ವರ್ಷ ಬೆಳೆಸಿದ ಬಳ್ಳಿ ಹದಿನೈದು ದಿನದಲ್ಲಿ ಸೊರಗಿ ನಿಂತಾಗ ಹೂವಿನ ಕುಂಡದ ನೆನಪು ಯಾರಿಗೂ ಆಗುವುದಿಲ್ಲ.

ಆದ್ದರಿಂದ ಬ್ರಹ್ಮಕಮಲವನ್ನು ಕೊಡುವಾಗಲೂ ತರುವಾಗಲೂ ಬೇರಿಲ್ಲದ, ಮಣ್ಣಿಲ್ಲದ ತುಂಡನ್ನೇ ಕೊಡಬೇಕು, ತರಬೇಕು. ಪ್ರಯಾಣದಲ್ಲಿ ಒಣಗುವುದೆಂಬ ಹೆದರಿಕೆ ಬೇಡ. ಒಣಗಿಸಿಯೇ ನೆಡಬೇಕಾದ ಗಿಡವಿದು. ತುಂಡಿನ ಕಣ್ಣುಗಳನ್ನು ನೋಡಿ, ಹಿಟ್ಟು ತಿಗಣೆ ಇದ್ದರೆ ಒರೆಸಿ, ಹಳೆಯ ಪತ್ರಿಕೆಯಲ್ಲಿ ಸಡಿಲವಾಗಿ ಸುತ್ತಿ, ಬುಡದ ಕಡೆಗೆ ದಾರ ಕಟ್ಟಿದರೆ ತೀರ್ಥಹಳ್ಳಿಯಿಂದ ಹರಿಹರಕ್ಕೆ ಬಸ್ಸಿನಲ್ಲಿಯೂ ಬರುತ್ತದೆ, ಅಂಚೆಯಲ್ಲಿಯೂ ಬರುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿದರೆ ಮಾತ್ರ ಬೆವರಿ ಕೊಳೆಯುತ್ತದೆ. ಕುಂಡದ ಸಮೇತವೇ ಕೊಟ್ಟರೆ ಬೇಡವೆನ್ನಲಾಗದ ಸಂದರ್ಭದಲ್ಲಿ, ಮನೆಗೆ ತಂದ ದಿನವೇ ಗಿಡವನ್ನು ಕತ್ತರಿಸಿ ತುಂಡು ಮಾಡಿಟ್ಟುಕೊಂಡು, ಬೇರನ್ನು ಸುಟ್ಟು, ಮಣ್ಣನ್ನು ಕಬ್ಬಿಣದ ಬಾಣಲೆಯಲ್ಲಿ ಹುರಿದೋ ಕುದಿಯುವ ನೀರು ಸುರಿದೋ ತೋಟದಿಂದ ದೂರ ಹಾಕಬೇಕು. ಬಸವನಹುಳುವಿಗೆಂದು ಅಂಗಡಿಯಲ್ಲಿ ಕೊಡುವ ಮೆಟಾಲ್ಡಿಹೈಡ್ ಗುಳಿಗೆಯನ್ನು ಕುಂಡದ ಸುತ್ತ ಚೆಲ್ಲುವವರು ಮನೆಯ ನಾಯಿಯನ್ನೂ ಮಕ್ಕಳನ್ನೂ ದೂರವಿಡಬೇಕು. ನಾಯಿ ಅದನ್ನು ತಿಂದರೆ ಬದುಕುವುದು ಕಷ್ಟ. ನಾಲ್ಕೆಂಟು ಕುಂಡವಿರುವ ಮನೆಯಲ್ಲಿ ಆ ಗುಳಿಗೆಯ ಅಗತ್ಯವೇ ಇಲ್ಲ. ರಾತ್ರಿ ಒದ್ದೆ ಗೋಣಿಯ ಮೇಲೆ ಪಪ್ಪಾಯಿ ಎಲೆಯನ್ನೋ ಎಲೆಕೋಸಿನ ಸಿಪ್ಪೆಯನ್ನೋ ಹರವಿಟ್ಟರೆ ಹುಳುಗಳು ಅಲ್ಲಿಗೇ ಬಂದು ಸೇರುತ್ತವೆ. ಬೆಳಗ್ಗೆ ಬರಿಗೈಯಿಂದ ಮುಟ್ಟದೆ ಚಿಮಟದಿಂದ ಆರಿಸಿ ಉಪ್ಪುನೀರಿನ ಬಕೆಟ್ಟಿಗೆ ಹಾಕಬೇಕು. ಮಳೆ ಹಿಡಿದ ಮೊದಲ ಎರಡು ವಾರ ಇದನ್ನು ಬಿಡದೆ ಮಾಡಿದರೆ ಮೊಟ್ಟೆಯಿಡುವ ಮೊದಲೇ ದೊಡ್ಡ ಹುಳುಗಳು ಕೈಗೆ ಸಿಗುತ್ತವೆ.